ಎರಡು ಸಾಲು, ಒಂದು ವಾರ

ಅಂಗಿಯ ತೋಳಿನ ಮೇಲೆ ಎಣ್ಣೆ ಕಲೆ, ಹೊಲಿಗೆ ಮಷೀನಿನದು, ಧನಲಕ್ಷ್ಮಿಯ ಅಂಗಡಿಯಲ್ಲಿ ಕೂತಾಗ ತಗುಲಿರಬೇಕು, ಉಜ್ಜಿದಷ್ಟೂ ಹರಡುತ್ತಿದೆ — ಬಸ್ಸು ಭದ್ರಾವತಿಯ ಜನ್ನಾಪುರ ಬಿಟ್ಟಾಯಿತು, ಕಂಡಕ್ಟರ್ ಎಲ್ಲಿಗೆ ಎಂದು ಎರಡು ಸಲ ಕೇಳಿದ, ಶಿವಮೊಗ್ಗ ಎಂದೆ, ದುರ್ಗಿಗುಡಿಯ ಮನೆಯಲ್ಲಿ, ಮೇಜಿನ ಮೇಲೆ ಆ ಪುಸ್ತಿಕೆ ಅರ್ಧಕ್ಕೇ ನಿಂತಿದೆ, ಮಕ್ಕಳಿಗೆ ಅನಂತದ ಕಥೆ ಬರ್ಕೊಡಿ ವಿಶ್ವಾರಾಧ್ಯ ಸರ್, ಹೇಗೂ ರಿಟೈರ್ ಆಗಿದೀರಲ್ಲ ಎಂದಿದ್ದರು ಪ್ರಕಾಶಕರು, ನಾನೂ ಖುಷಿಯಿಂದಲೇ ಕೂತೆ, ಅನಂತದಲ್ಲೂ ಬಗೆಗಳಿವೆ ಎಂದ ಜೈನ ಮುನಿಗಳ ಬಗ್ಗೆ ಬರೆದೆ, ಆಮೇಲೆ ಗೆಲಿಲಿಯೋ, ಮೇಲಿನ ಸಾಲಿನಲ್ಲಿ ಒಂದು ಎರಡು ಮೂರು ನಾಲ್ಕು, ಕೆಳಗೆ ಅವುಗಳ ವರ್ಗ, ಒಂದು ನಾಲ್ಕು ಒಂಬತ್ತು ಹದಿನಾರು, ಪ್ರತಿಯೊಂದಕ್ಕೂ ಒಂದು ಜೊತೆ, ಎಷ್ಟು ದೂರ ಹೋದರೂ ಯಾವುದೂ ಒಂಟಿಯಾಗಿ ಉಳಿಯುವುದಿಲ್ಲ — ಅಲ್ಲಿಗೆ ಪೆನ್ನು ನಿಂತಿತು, ಆ ಎರಡು ಸಾಲನ್ನು ನಾನು ನೋಡಿದ್ದೆ, ಇಪ್ಪತ್ತೆರಡು ವರ್ಷದ ಹಿಂದೆ, ಭದ್ರಾವತಿಯ ಕಾಲೇಜಿನಲ್ಲಿ, ನನ್ನ ಬೋರ್ಡಿನ ಮೇಲೆ, ಹುಡುಗಿಯೊಬ್ಬಳ ಕೈಬರಹದಲ್ಲಿ.

ಎರಡನೇ ಪಿಯುಸಿ, ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ ಮಾರಪ್ಪನ ಮಗಳು, ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಕಂಡುಕೊಂಡಿದ್ದಳು, ಎರಡೂ ಸಮ ಅಲ್ವಾ ಸರ್ ಎಂದಳು, ನಾನು — ನಿಮ್ಮನೇಲಿ ಅರ್ಧ ರೊಟ್ಟಿ ಕೊಟ್ಟು ಇದೇ ಪೂರ್ತಿ ಅಂತಾರೇನಮ್ಮ, ಹೋಗ್ ಕೂತ್ಕೋ — ತರಗತಿಯೆಲ್ಲ ನಕ್ಕಿತು, ಆ ನಗು ನನಗೆ ಹಿತವಾಗಿತ್ತು, ಅವಳು ಎರಡೂ ಸಾಲನ್ನು ಅಂಗೈಯಿಂದಲೇ ಒರೆಸಿದಳು, ಒಂದು ವಾರ ಬಂದಳು, ಆಮೇಲೆ ಬರಲಿಲ್ಲ, ಹಾಜರಿಯಲ್ಲಿ ಗೈರು ಎಂದು ಬರೆದೆ, ಅಷ್ಟೇ, ಆದರೆ ಇದೇ ಉತ್ತರವನ್ನು ಎಂಎಸ್ಸಿಯಲ್ಲಿ ಉರು ಹೊಡೆದು ಹತ್ತು ಅಂಕ ತೆಗೆದವನು ನಾನು, ಅದೇ ಉತ್ತರ ಎದುರಿಗೆ ಬಂದು ನಿಂತಾಗ ಗುರುತೇ ಸಿಗಲಿಲ್ಲ, ಅನಂತಕ್ಕಿಂತ ದೊಡ್ಡ ಅನಂತವಿದೆ ಎಂದ ಕ್ಯಾಂಟರನನ್ನು ಹಿರಿಯ ಗಣಿತಜ್ಞನೊಬ್ಬ ಹುಡುಗರನ್ನು ಕೆಡಿಸುವವನು ಎಂದು ಜರೆದನಂತೆ, ಎಂಥ ಸಣ್ಣ ಮನಸ್ಸು ಎಂದು ಬರೆಯಲು ಹೊರಟಿದ್ದೆ, ನಾನು.

ಇವತ್ತು ಹುಡುಕಿಕೊಂಡು ಅವಳ ಹೊಲಿಗೆ ಅಂಗಡಿಗೆ ಹೋದರೆ, ನೋಡಿದ ಕೂಡಲೇ ಎದ್ದು ಕುರ್ಚಿ ಒರೆಸಿದಳು, ಟೀ ತರಿಸಿದಳು, ಮುಂಗೂದಲು ನರೆತಿದೆ, ನೀನು ಹೇಳಿದ್ದೇ ಸರಿ ಧನಲಕ್ಷ್ಮಿ, ತಪ್ಪು ನಂದು ಎಂದೆ, ಅವಳು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಸರಿ ಅಂತ ನಂಗೆ ಅವತ್ತೇ ಗೊತ್ತಿತ್ತು ಸರ್, ನೀವು ಮನೇಲಿ ಯೋಚನೆ ಮಾಡಿ ಬಂದು ಹೇಳ್ತೀರ ಅಂತ ಒಂದು ವಾರ ಕಾದೆ — ಕಾದಿದ್ದಳು, ಮೂರನೇ ಬೆಂಚು, ಕಿಟಕಿಯ ಪಕ್ಕ, ಸೋಮವಾರ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು, ಮಂಗಳವಾರ ನೋಡುತ್ತಿದ್ದಳು, ಬುಧವಾರ, ನಾನು ಬೋರ್ಡಿನ ಕಡೆ ತಿರುಗಿಕೊಂಡಿದ್ದೇನೆ, ಗುರುವಾರ, ಮೂರನೇ ಬೆಂಚಿನಲ್ಲಿ, ತಲೆಯೆತ್ತಿ —