ಕೊಬ್ಬರಿ ಹಾರದ ತಟ್ಟೆ

"ಬರ್ದಿರೋದು ಚೆನ್ನಾಗೈತೆ ಕಣಮ್ಮ. ಸ್ಟೇಜ್ ಮೇಲೆ ರಂಗರಾಜು ಓದ್ಲಿ ಬುಡು" ಎಂದು ಇತಿಹಾಸದ ಮೇಷ್ಟ್ರು ತೋಂಟದಾರ್ಯ ಫಿರ್ದೌಸಳ ಪ್ರಬಂಧವನ್ನು ಮಡಚಿ ಜೇಬಿಗೆ ತುರುಕಿಕೊಂಡರು. ಕಾಲೇಜು ವಾರ್ಷಿಕೋತ್ಸವಕ್ಕೆ ಸಭಾಂಗಣದಲ್ಲಿ ಆಗಲೇ ಕುರ್ಚಿ ಎಳೆದಾಡುವ ಸದ್ದು.

"ನಾನು ಬರ್ದಿದ್ದು ಸರ್. ನಾನೇ ಓದ್ತೀನಿ."

"ನಮ್ ಕಾಲೇಜಲ್ಲಿ ಹೆಣ್ಮಕ್ಳು ಪ್ರಾರ್ಥನೆ ಹಾಡ್ತಾರೆ, ಹಾರ ಹಿಡ್ಕೊಂಡು ನಿಂತ್ಕೋತಾರೆ. ಮೊದ್ಲಿಂದ್ಲೂ ಹಂಗೇ. ಅದ್ರಲ್ಲೂ ನೀನು ಮೈಕ್ ಹಿಡಿದ್ರೆ, ನಾಳೆ ನಿಮ್ ಮನೆಯೋರೇ ಬಂದು ನನ್ನ ಕೊರಳಪಟ್ಟಿ ಹಿಡೀತಾರೆ."

ಮನೆಯವರಂತೆ! ಅಮ್ಮಿ ಸರ್ವರಿ ಬೇಗಂ ತುರುವೇಕೆರೆಯ ಅರ್ಧ ಊರಿಗೆ ರವಿಕೆ ಹೊಲಿಯುವವಳು. ಅವಳು ಮಿಷನ್ ತುಳಿಯುತ್ತಿದ್ದರೆ ಪಕ್ಕದಲ್ಲಿ ಕೂತು ಫಿರ್ದೌಸ್ ಇಡೀ ಪ್ರಬಂಧವನ್ನು ಬಾಯಿಪಾಠ ಮಾಡಿದ್ದಳು. ಎಂಟುನೂರು ವರ್ಷಗಳ ಹಿಂದೆ ಪರದೇಶದ ಲಿಯೋನ್ ಪಟ್ಟಣದ ವಾಲ್ಡೋ ಎಂಬ ವರ್ತಕ ಆಸ್ತಿಯನ್ನೆಲ್ಲ ಹಂಚಿಬಿಟ್ಟು, ಪಾದ್ರಿಗಳ ಲ್ಯಾಟಿನ್ನಿನಲ್ಲಿದ್ದ ಬೈಬಲ್ಲನ್ನು ಬೀದಿಯ ಜನರ ಭಾಷೆಗೆ ತರಿಸಿದ್ದು, ಅವನ ಹಿಂದೆ ಬಂದ ವಾಲ್ಡೆನ್ಸಿಯನ್ನರನ್ನು ಚರ್ಚು ಬೇಟೆಯಾಡಿದ್ದು ಎಲ್ಲವೂ ಅದರಲ್ಲಿತ್ತು. ಅವರನ್ನು ಕಂಬಕ್ಕೆ ಕಟ್ಟಿ ಸುಟ್ಟ ಭಾಗ ಬಂದಾಗ ಅಮ್ಮಿಯ ಕಾಲು ನಿಂತಿತ್ತು. "ದೇವ್ರ ಮಾತು ಹೇಳಿದ್ದಕ್ಕೆ ಸುಟ್ರಾ? ಇದನ್ನ ಎಲ್ಲಾರ್ಗೂ ಕೇಳೋ ಹಂಗೆ ಹೇಳು ಬೇಟಿ" ಎಂದಿದ್ದಳು. ಆ ಮನೆಯ ಹೆಸರು ಹೇಳಿ ಈ ಮೇಷ್ಟ್ರು ತಮ್ಮ ಅಂಜಿಕೆಯನ್ನು ಮುಚ್ಚಿಕೊಳ್ಳುತ್ತಿದ್ದಾರೆ.

ಕೊನೆಗೆ ಅವಳ ಕೈಗೆ ಬಂದದ್ದು ಕೊಬ್ಬರಿ ಹಾರದ ತಟ್ಟೆ. ಮುಖ್ಯ ಅತಿಥಿ ತೆಂಗಿನ ಮಂಡಿಯ ಸಾಹುಕಾರರು. ನಮ್ಮ ಕಡೆ ದೊಡ್ಡವರಿಗೆ ಹೂವಿನ ಹಾರ ಸಾಲದು, ಕೊಬ್ಬರಿಯದೇ ಆಗಬೇಕು. ತಟ್ಟೆ ಮಣಭಾರ. ಪಕ್ಕದಲ್ಲಿ ಅವಳ ಗೆಳತಿ ಶಾಂತಕುಮಾರಿ ಪನ್ನೀರಿನ ತಟ್ಟೆ ಹಿಡಿದು ನಿಂತಿದ್ದಳು.

ಅವಳ ತರಗತಿಯ ರಂಗರಾಜು ಪಾಪ, ಚೆನ್ನಾಗಿಯೇ ಓದಿದ. ಅವನು ಓದುತ್ತಿದ್ದ ಹಾಗೆ ಫಿರ್ದೌಸಳ ತುಟಿಯೂ ಆಡುತ್ತಿತ್ತು. ಒಂದು ಕಡೆ ಮಾತ್ರ ಅವಳ ತುಟಿ ಒಂದು ದಾರಿ ಹಿಡಿಯಿತು, ಅವನ ದನಿ ಇನ್ನೊಂದು. ಒಂದು ಇಡೀ ಪ್ಯಾರಾ ಹಾರಿಹೋಗಿತ್ತು. ಅವಳು ಎಂದೂ ಬರೆಯದ ಸಾಲೊಂದು ಆ ಜಾಗದಲ್ಲಿ ಕೂತಿತ್ತು: "ಹೀಗೆ ಆ ವೀರಪುರುಷರು ಧರ್ಮಕ್ಕಾಗಿ ಪ್ರಾಣ ತೆತ್ತರು." ತೋಂಟದಾರ್ಯರು ತಲೆದೂಗಿದರು. ತಮ್ಮ ಸಾಲಿಗೆ ತಾವೇ!

ಚಪ್ಪಾಳೆ ಬಿತ್ತು. ಸಾಹುಕಾರರು ಎದ್ದು, ಹಾರಕ್ಕೆಂದು ಕತ್ತು ತಗ್ಗಿಸಿ ನಿಂತರು. "ಬಾಮ್ಮ, ಬೇಗ" ಎಂದು ಮೇಷ್ಟ್ರು ಕೈಬೀಸಿದರು.

ಫಿರ್ದೌಸ್ ವೇದಿಕೆಯ ನಡುವಿಗೆ ಬಂದು ತಟ್ಟೆಯನ್ನು ನೆಲಕ್ಕಿಟ್ಟಳು.

"ಒಂದು ಪ್ಯಾರಾ ಬಿಟ್ಟೋಗಿದೆ ಸರ್" ಎಂದವಳೇ ಸಭೆಯ ಕಡೆ ತಿರುಗಿದಳು. ಮೇಷ್ಟ್ರು ಓಡಿಹೋಗಿ ಮೈಕಿನ ಸ್ವಿಚ್ ಆರಿಸಿದರು. ಅವಳು ಮೈಕಿನ ಹತ್ತಿರವೂ ಇರಲಿಲ್ಲ. ಮಿಷನ್ ಸದ್ದನ್ನು ಮೀರಿಸಿ ಮಾತಾಡಿ ಪಳಗಿದ ಗಂಟಲು ಅದು.

"ಅವರಲ್ಲಿ ಹೆಂಗಸರೂ ಇದ್ದರು. ಬೀದಿಯಲ್ಲಿ ನಿಂತು ಬೋಧಿಸಿದರು. ಹೆಂಗಸು ಸಭೆಯಲ್ಲಿ ಬಾಯಿ ತೆರೆಯಬಾರದೆಂದು ಚರ್ಚು ಹೇಳಿತು. ಅವರು ನಿಲ್ಲಿಸಲಿಲ್ಲ. ಪುಸ್ತಕ ಕಿತ್ತುಕೊಂಡಾರೆಂದು ಇಡೀ ಪುಸ್ತಕವನ್ನೇ ಬಾಯಿಪಾಠ ಮಾಡಿಕೊಂಡರು..."

"ಏಯ್ ಶಾಂತಾ, ಆ ಹಾರ ನೀನಾದ್ರೂ ತಗೊಂಡ್ ಬಾರಮ್ಮ!" ತೋಂಟದಾರ್ಯರು ಹಲ್ಲು ಕಚ್ಚಿ ಹೇಳಿದರು.

ಶಾಂತಕುಮಾರಿ ಮುಂದೆ ಬಂದಳು. ನೆಲದ ಮೇಲಿದ್ದ ಹಾರವನ್ನು ನೋಡಿದಳು. ಬಗ್ಗಿ, ತನ್ನ ಕೈಯಲ್ಲಿದ್ದ ಪನ್ನೀರಿನ ತಟ್ಟೆಯನ್ನೂ ಅದರ ಪಕ್ಕದಲ್ಲಿಟ್ಟು ಫಿರ್ದೌಸಳ ಜೊತೆ ನಿಂತಳು.

ಸಾಹುಕಾರರು ತಗ್ಗಿಸಿದ್ದ ಕತ್ತನ್ನು ಮೆಲ್ಲಗೆ ಎತ್ತಿದರು.