ಭೈರೇಶನ ಕಾವಿನ ಚಾರ್ಟು

ನಮ್ಮ ಮತ್ತಿಗಿರಿಯ ಬೀದಿಯಲ್ಲಿ ಕೋಳಿ ಸಾಕುವ ಅರ್ಹತೆ ಇದ್ದದ್ದು ಭೈರೇಶನೊಬ್ಬನಿಗೇ. ಅವನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ದಿನಕ್ಕೆ ನಾನೂರು ಬೋಲ್ಟು ನೋಡಿ ಇದು ಸರಿ, ಇದು ಸರಿಯಿಲ್ಲ ಎಂದು ಹೇಳುವ ಮನುಷ್ಯನಿಗೆ ನಾಲ್ಕು ಕೋಳಿ ಯಾವ ಲೆಕ್ಕ? ಜೊತೆಗೆ ನಾಗಮಂಗಲದ ಕಡೆಯ ಊರಿನಲ್ಲಿ ಅವರಮ್ಮ ಕೋಳಿ ಸಾಕಿದ್ದರಂತೆ, ಅದು ರಕ್ತದಲ್ಲೇ ಬಂದಿದೆಯಂತೆ. ಅವರಮ್ಮ ಅಡುಗೆಯನ್ನೂ ಮಾಡುತ್ತಿದ್ದರು, ಅದ್ಯಾಕೆ ರಕ್ತದಲ್ಲಿ ಇಳಿಯಲಿಲ್ಲ ಎಂದು ಅವನ ಹೆಂಡತಿ ಉಷಾರಾಣಿ ಪಕ್ಕದ ಮನೆಯವಳಾದ ನನ್ನ ಹತ್ತಿರ ಕೇಳಿದ್ದಳು.

ಕೃಷ್ಣಗಿರಿಯಿಂದ ನಾಲ್ಕು ಹ್ಯಾಟೆ, ಒಂದು ಹುಂಜ ಬಂದವು. ಹಿತ್ತಿಲು ಎಂದರೆ ಮಂಚ ಹಾಕಿದರೆ ಮುಗಿದುಹೋಗುವಷ್ಟು ಜಾಗ. ಅಲ್ಲೇ ಉಷಾರಾಣಿಯ ಬಟ್ಟೆ ಹಗ್ಗ. ಕೋಳಿಗಳು ಮೊದಲ ವಾರದಲ್ಲೇ ಕರಿಬೇವಿನ ಗಿಡದ ಬುಡ ಕೆದರಿ ಮುಗಿಸಿದವು, ಒಂದು ಭೈರೇಶನ ಹೆಲ್ಮೆಟ್ಟಿನಲ್ಲಿ ಮೊಟ್ಟೆ ಇಟ್ಟಿತು. ಉಳಿದವು ಹಗ್ಗದ ಮೇಲೆ ಹತ್ತಿ ಕೂತು ಒಗೆದ ಬಟ್ಟೆಗಳ ಬಗ್ಗೆ ತಮ್ಮ ಅಭಿಪ್ರಾಯ ಬಿಟ್ಟುಹೋಗುತ್ತಿದ್ದವು.

ಹುಂಜದ ಕಥೆ ಬೇಗ ಮುಗಿಯಿತು. ಎದುರು ಮನೆಯ ವೇಣುವಿಗೆ ವರ್ಷವಿಡೀ ನೈಟ್ ಶಿಫ್ಟು. ಅವನು ಬೆಳಿಗ್ಗೆ ಏಳಕ್ಕೆ ಬಂದು ಮಲಗಿದರೆ ಹುಂಜ ಏಳೂಕಾಲಕ್ಕೆ ಶುರು ಮಾಡುತ್ತಿತ್ತು. ಎರಡು ಸಲ ಬಂದು ಕನ್ನಡದಲ್ಲಿ ಹೇಳಿದ, ಮೂರನೆಯ ಸಲ ತಮಿಳಿನಲ್ಲಿ ಹೇಳಿದ. ವೇಣು ತಮಿಳಿಗೆ ಹೊರಳಿದನೆಂದರೆ ವಿಷಯ ಗಂಭೀರ ಎಂದು ಬೀದಿಗೇ ಗೊತ್ತು. ಆ ಭಾನುವಾರ ಹುಂಜ ಸಾರಾಯಿತು. ಒಂದು ಬಟ್ಟಲು ವೇಣುವಿಗೂ ಹೋಯಿತು. ಉಂಡು ಚೆನ್ನಾಗಿ ಮಲಗಿದ.

ಅದಾಗಿ ಎರಡು ತಿಂಗಳಿಗೆ ಕೆಂಪು ಹ್ಯಾಟೆ ಕಾವಿಗೆ ಬಂತು. ಮೇವು ಬಿಟ್ಟಿತು, ಮೈ ಉಬ್ಬಿಸಿಕೊಂಡು ಮಂಕರಿಯಲ್ಲಿ ಕೂತಿತು, ಹತ್ತಿರ ಹೋದರೆ ಕುಕ್ಕಿತು. ಭೈರೇಶ ಒಂದು ಭಾನುವಾರ ಮಂಕರಿಗೆ ಹುಲ್ಲು ಹಾಸಿ, ಮನೆಯದೇ ಹನ್ನೊಂದು ಮೊಟ್ಟೆ ಇಟ್ಟು, ಗೋಡೆಗೆ ಒಂದು ಚಾರ್ಟು ಅಂಟಿಸಿದ. ದಿನಾಂಕ, ಮೊಟ್ಟೆಯ ಸಂಖ್ಯೆ, ನೀರು, ಷರಾ, ಸಹಿ. ಇಪ್ಪತ್ತೊಂದನೆಯ ದಿನದ ಮೇಲೆ ಕೆಂಪು ಇಂಕಿನಲ್ಲಿ ಸುತ್ತು.

ಉಷಾರಾಣಿ ಆ ಸುತ್ತನ್ನೇ ನೋಡಿ, "ಅವತ್ತು ಮರಿ ಆದ್ರೆ ನಿಮ್ಮ ಕೋಳಿ ಇರ್ಲಿ. ಆಗ್ಲಿಲ್ಲ ಅಂದ್ರೆ ಮಾರನೇ ದಿನ ಚಿಕನ್ ಅಂಗಡಿಯೋನ್ನ ಕರೀತೀನಿ. ನಾಲ್ಕೂ ಹೋಗ್ಬೇಕು" ಎಂದಳು.

ಭೈರೇಶ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಸಿಕ್ಕವರಿಗೆಲ್ಲ ಮರಿ ಹಂಚಿಬಿಟ್ಟ. ನನಗೆ ಎರಡು, ಅವನ ಸೂಪರ್‌ವೈಸರ್‌ಗೆ ಮೂರು, ಕ್ಯಾಂಟೀನಿನವನಿಗೆ ಒಂದು. ಹುಟ್ಟುವ ಮೊದಲೇ ಆ ಮರಿಗಳಿಗೆ ಅಷ್ಟು ನೆಂಟರು.

ಬೀದಿಯ ಕೊನೆಯ ಹಳೇ ಹೆಂಚಿನ ಮನೆಯ ಅಂಜಮ್ಮಜ್ಜಿ ಕೂಡ ಬಂದು ಕಾವಿನ ಕೋಳಿಯನ್ನು ನೋಡಿಹೋಗಿದ್ದರು. ನಾವೆಲ್ಲ ಕೆಲಸಕ್ಕೆಂದು ಬಂದು ಸೇರಿದವರು, ಆಕೆ ಈ ಮಣ್ಣಿನವರು. ಅಂದು ಭೈರೇಶನ ಜೊತೆ ಅವರು ಏನೋ ಮಾತಾಡಿದ್ದನ್ನು ನಾನು ಕಾಂಪೌಂಡಿನಾಚೆಯಿಂದ ನೋಡಿದ್ದೆ. ಅವನು ಫೋನು ನೋಡುತ್ತಾ, ಮೀಟಿಂಗಿನಲ್ಲಿ ಆಡಿಸುವ ಹಾಗೆ ತಲೆ ಆಡಿಸುತ್ತಾ "ಓಕೆ ಅಜ್ಜಿ, ಓಕೆ" ಎನ್ನುತ್ತಿದ್ದ.

ಇಪ್ಪತ್ತೊಂದನೆಯ ದಿನ ಬಂತು. ಭೈರೇಶ ಇಸ್ತ್ರಿ ಅಂಗಿ ಹಾಕಿಕೊಂಡು ಮಂಕರಿಯ ಮುಂದೆ ಸ್ಟೂಲು ಹಾಕಿ ಕೂತ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಒಂದು ಮೊಟ್ಟೆಯೂ ಬಿರಿಯಲಿಲ್ಲ. ಕೋಳಿ ಅವನನ್ನೇ ನೋಡುತ್ತಿತ್ತು, ಅವನು ಚಾರ್ಟನ್ನು ನೋಡುತ್ತಿದ್ದ. ಸಂಖ್ಯೆ ಹನ್ನೊಂದು, ಹನ್ನೊಂದು, ಹನ್ನೊಂದು. ಒಂದು ದಿನವೂ ಸಹಿ ತಪ್ಪಿಲ್ಲ. ಮರಿಯಾಗದಿರಲು ಕಾಗದದ ಮೇಲೆ ಯಾವ ಕಾರಣವೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಚಿಕನ್ ಅಂಗಡಿಯವನು ಸ್ಕೂಟರಿಗೆ ಬುಟ್ಟಿ ಕಟ್ಟಿಕೊಂಡು ಬಂದೇಬಿಟ್ಟ. ಉಷಾರಾಣಿ ಮಾತು ಉಳಿಸಿಕೊಳ್ಳುವ ಹೆಂಗಸು. ಭೈರೇಶ ಇನ್ನೊಂದು ದಿನ ನೋಡೋಣ ಎಂದ. ಫ್ಯಾಕ್ಟರಿಯಲ್ಲಿ ಡೇಟು ಮುಗಿದ ಮಾಲನ್ನು ಇನ್ನೊಂದು ದಿನ ನೋಡ್ತೀರಾ ಎಂದು ಅವಳು ಕೇಳಿದಳು. ಅದಕ್ಕೆ ಅವನ ಹತ್ತಿರ ಚಾರ್ಟಿರಲಿಲ್ಲ. ಮೂರು ಕೋಳಿ ಬುಟ್ಟಿಗೆ ಹೋದವು. ಅಂಗಡಿಯವನು ಕೆಂಪು ಹ್ಯಾಟೆಯ ಮಂಕರಿಗೆ ಕೈ ಹಾಕಿದ. ಅದು ಕುಕ್ಕಿತು. ಅವನು ಬೈದ ಸದ್ದು ಬೀದಿಗೆ ಕೇಳಿಸಿತು.

ಅಂಜಮ್ಮಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. "ಯಾವನಲಾ ಅವ್ನು, ಕಾವಿನ ಕೋಳೀನ ಎತ್ತೋನು? ತೆಗೀಲಾ ಕೈಯ."

ಉಷಾರಾಣಿ ಪಂದ್ಯದ ವಿಷಯ ವಿವರಿಸಿದಳು. ಇಪ್ಪತ್ತೊಂದು ದಿನ ನಿನ್ನೆಗೇ ಮುಗಿಯಿತು ಎಂದಳು.

"ನಿನ್ ಲೆಕ್ಕಕ್ಕೆ ಮುಗೀತು ಕಣವ್ವ. ನಾನ್ ಮೊಟ್ಟೆ ಇಟ್ಟಿದ್ದು ಬುಧವಾರ. ಬರೋ ಬುಧವಾರ ಬತ್ತವೆ ಮರಿ."



ಯಾವ ಮೊಟ್ಟೆ ಅಜ್ಜಿ ಎಂದು ಭೈರೇಶ ಕೇಳಿದ. ಆಕೆಗೆ ಅವನ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೋಳಿ ನೋಡಲು ಬಂದ ದಿನವೇ ಕೇಳಿದ್ದರಂತೆ: ನನ್ನ ಮನೆಯಲ್ಲಿ ಮೊಟ್ಟೆ ಇದೆ, ಕಾವಿಗೆ ಬಂದ ಕೋಳಿ ಇಲ್ಲ. ನಿನ್ನದು ಕೂತಿದೆ. ಪಾಲಿಗೆ ಇಡೋಣ, ಆದ ಮರಿ ಅರ್ಧರ್ಧ. ಈ ಕಡೆಯ ಊರುಗಳಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ. ಅವನು ಮೂರು ಸಲ ಓಕೆ ಅಂದಿದ್ದ. ಅದೇ ವಾರದ ಬುಧವಾರ ಮಧ್ಯಾಹ್ನ ಅವನು ಡ್ಯೂಟಿಯಲ್ಲಿದ್ದಾಗ ಬಂದು, ಅವನ ಹನ್ನೊಂದು ತೆಗೆದು ತಮ್ಮ ಹನ್ನೊಂದು ಇಟ್ಟು ಹೋಗಿದ್ದರು.

"ಮತ್ತೆ ನನ್ನ ಮೊಟ್ಟೆ?"

"ನಿನ್ ಮನ್ಯಾಗೆ ಹುಂಜ ಎಲ್ಲೈತಪ್ಪ? ಸಾರು ಮಾಡ್ಕೊಂಡು ತಿಂದ್ರಲ್ಲ. ಹುಂಜ ಇಲ್ದಿರೋ ಮೊಟ್ಟೆ ಮೇಲೆ ಆ ಕೋಳಿ ದೀಪಾವಳಿಗಂಟ ಕೂತ್ರೂ ಮರಿ ಆಗಾಕಿಲ್ಲ. ಅವೆಲ್ಲ ಬೇಯ್ಸ್‌ಕೊಂಡು ತಿಂದ್ಬುಟ್ವಿ. ಚೆನ್ನಾಗಿದ್ವು."

ನಾವ್ಯಾರೂ ಮುಖ ಎತ್ತಲಿಲ್ಲ. ಈ ಇಪ್ಪತ್ತೊಂದು ದಿನ ಹುಂಜದ ವಿಷಯ ಬೀದಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಂಗಡಿಯಿಂದ ಟ್ರೇಗಟ್ಟಲೆ ಮೊಟ್ಟೆ ತಂದು ತಿನ್ನುವವರಿಗೆ ಹುಂಜ ಎಲ್ಲಿ ಕಾಣಬೇಕು? ಎರಡು ಮರಿಗೆಂದು ನಾನು ರಟ್ಟಿನ ಡಬ್ಬವನ್ನೂ ಕತ್ತರಿಸಿ ಇಟ್ಟುಕೊಂಡಿದ್ದೆ.

ಉಷಾರಾಣಿ ಸೀದಾ ಹೋಗಿ ಮಂಕರಿಯಿಂದ ಒಂದು ಮೊಟ್ಟೆ ಎತ್ತಿದಳು. ಕುಕ್ಕಿಸಿಕೊಂಡೇ ಎತ್ತಿದಳು. ಅದರ ಮೇಲೆ ಇದ್ದಿಲಿನ ಗೆರೆ, ಹಬ್ಬೆರಳಗಲ. ಹೊಸದಾಗಿ ಇಟ್ಟ ಮೊಟ್ಟೆ ಸೇರಿಹೋಗದಿರಲಿ ಎಂದು ಅಂಜಮ್ಮಜ್ಜಿ ಪ್ರತಿಯೊಂದಕ್ಕೂ ಎಳೆದ ಗುರುತು. ಆಮೇಲೆ ಅವಳು ಚಾರ್ಟಿನ ಮುಂದೆ ನಿಂತು ಆ ಬುಧವಾರದ ಷರಾವನ್ನು ನಮಗೆಲ್ಲ ಕೇಳುವ ಹಾಗೆ ಓದಿದಳು: "ಮೊಟ್ಟೆಗಳ ಮೇಲೆ ಮಸಿ ಗೆರೆ. ಗಮನಿಸಲಾಗಿದೆ. ಓಕೆ."

ಕೆಳಗೆ ಸಹಿ. ಚೆಂದದ ಸಹಿ.

ಅವನು ಓಕೆ ಮಾಡಿದ ಬೋಲ್ಟುಗಳ ಬಗ್ಗೆ ನನಗೆ ಮೊದಲ ಬಾರಿಗೆ ಚಿಂತೆಯಾಯಿತು.

ಅಂಗಡಿಯವನು ಹೋಗಲೋ ಇರಲೋ ಎಂದು ಕೇಳಿದ. ಉಷಾರಾಣಿ ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ನಿಂತಿದ್ದಳು. ಒಳಗೆ ಏನೋ ಸಣ್ಣಗೆ ಕುಟ್ಟಿದಂತಾಯಿತಂತೆ, ಆಮೇಲೆ ನನಗೆ ಹೇಳಿದಳು. ಮೆಲ್ಲಗೆ ಅದನ್ನು ಕೋಳಿಯ ಹೊಟ್ಟೆಯಡಿ ಸೇರಿಸಿ, ಬುಧವಾರ ಸಂಜೆ ಬಾ ಎಂದು ಅವನಿಗೆ ಹೇಳಿದಳು. ಬುಟ್ಟಿ ಬಿಚ್ಚಿತು, ಮೂರೂ ಕೋಳಿ ಸೀದಾ ಹಗ್ಗಕ್ಕೆ ಹಾರಿದವು.

ಬುಧವಾರ ಬೆಳಿಗ್ಗೆಯಿಂದ ಮೊಟ್ಟೆಗಳು ಬಿರಿಯತೊಡಗಿದವು. ಒಂಬತ್ತು ಮರಿ, ಎರಡು ಕೊಳೆತವು. ನಿಮ್ಮ ಕೋಳಿ ಕೂತು ಒಣಗಿದೆ, ಐದು ನೀವೇ ಇಟ್ಟುಕೊಳ್ಳಿ, ನಾಲ್ಕು ನನಗೆ ಸಾಕು ಎಂದು ಅಂಜಮ್ಮಜ್ಜಿ ಅಲ್ಲೇ ತೀರ್ಮಾನ ಮಾಡಿದರು. ಸಂಜೆ ಅಂಗಡಿಯವನು ಬಂದಾಗ ಉಷಾರಾಣಿ ಮಹಡಿಯ ಮೇಲಿದ್ದಳು. ಬಟ್ಟೆ ಹಗ್ಗವನ್ನು ಬಿಚ್ಚಿ ಅಲ್ಲಿ ಕಟ್ಟುತ್ತಿದ್ದಳು. ಅವನು ಸ್ಕೂಟರ್ ತಿರುಗಿಸಿಕೊಂಡು ಹೋದ.

ಐದರಲ್ಲಿ ಹುಂಜ ಎಷ್ಟು ಎಂದು ವೇಣು ಕಿಟಕಿಯಿಂದಲೇ ಕೇಳಿದ. ಸದ್ಯಕ್ಕೆ ಕನ್ನಡದಲ್ಲೇ ಕೇಳಿದ.

ಭೈರೇಶ ಅದೇ ಚಾರ್ಟಿನ ಕೆಳಗೆ ಹೊಸ ಸಾಲು ಎಳೆದು, ಒಂಬತ್ತು, ಗುರಿ ಸಾಧಿಸಲಾಗಿದೆ ಎಂದು ಬರೆದ. ಸಹಿ ಹಾಕಲು ಹೋದವನ ಕೈಯಿಂದ ಉಷಾರಾಣಿ ಪೆನ್ನು ಕಿತ್ತು ಅಂಜಮ್ಮಜ್ಜಿಗೆ ಕೊಟ್ಟಳು. ಆಕೆ ಪೆನ್ನನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು. ಒಲೆಯ ಪಕ್ಕದಿಂದ ತಂದ ಇದ್ದಿಲಿನ ಚೂರು ಸೆರಗಿನ ಗಂಟಿನಲ್ಲಿ ಇದ್ದೇ ಇತ್ತು.