ಬಾಗಿಲಿನ ಬುಡದ ಕಬ್ಬಿಣ

ಎಷ್ಟು ಹಗುರಾಗಿ ಜಾರುತ್ತದೆ ಈ ಬಾಗಿಲು, ಒಂದು ಬೆರಳಲ್ಲಿ ತಳ್ಳಿದರೆ ಸಾಕು, ಗಾಲಿಗಳೆರಡೂ ಮೇಲಿನ ಹಳಿ ಹಿಡಿದು ಗೋಡೆಯ ತುದಿಯವರೆಗೆ ಓಡುತ್ತವೆ, ಹಲಗೆಯಿಂದ ಪೈನ್ ಮರದ ವಾಸನೆ ಇನ್ನೂ ಹೋಗಿಲ್ಲ, ಅರವತ್ತೊಂದನೆಯ ವಯಸ್ಸಿನಲ್ಲಿ ಏಣಿ ಹತ್ತಿ ಹಳಿ ಬಿಗಿದವಳು ನಾನು, ಬೆನ್ನು ಬಿದ್ದುಹೋಯಿತು, ಹೋಗಲಿ, ಮೈದುನ ವರ್ಜಿಲ್ ಮಾಡಿಕೊಟ್ಟಿದ್ದ ಬಾಗಿಲುಗಳನ್ನು ಕೊಡಲಿಯಲ್ಲಿ ಒಡೆದು ಒಲೆಗೆ ಹಾಕಿದ ದಿನ ಹೊಟ್ಟೆ ಎಷ್ಟು ತಣ್ಣಗಾಗಿತ್ತು — ಲಾಯದಲ್ಲಿ ನಾಲ್ಕು ಬಾಗಿಲು, ಮೂರು ಮುಗಿದವು, ಇದು ನಾಲ್ಕನೆಯದು, ಇದಕ್ಕೆ ಬುಡದ ಕಬ್ಬಿಣ ಒಂದು ಬಾಕಿ, ಅಂಗೈಯಗಲದ ತುಂಡು, ಜೇಬಿನಲ್ಲಿ ಕೂತು ಬೆಳಿಗ್ಗೆಯಿಂದ ತೊಡೆಗೆ ಬಡಿಯುತ್ತಿದೆ, ಹಾಕಲೋ ಬೇಡವೋ. ಹಳಿ ಬಾಗಿಲಿನ ಭಾರ ಹೊರುತ್ತದೆ ಅಷ್ಟೆ, ಬುಡವನ್ನು ಹಿಡಿದು ನಿಲ್ಲಿಸುವುದು ನೆಲಕ್ಕೆ ಬಿಗಿದ ಈ ಕಬ್ಬಿಣ, ಇದಿಲ್ಲದೆ ಕುದುರೆ ಒಳಗಿನಿಂದ ಒರಗಿದರೆ ಬುಡ ಹೊರಕ್ಕೆ ತೂಗಿ ಸಂದಿ ಬಿಡುತ್ತದೆ, ಮಲಗಿ ಏಳುವ ಕುದುರೆಯ ಕಾಲು ಆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ನನ್ನ ಬೂದು ಕುದುರೆ ಜೂನಿಪರಳ ಕಾಲು ಸಿಕ್ಕಿಕೊಂಡ ಹಾಗೆ.

ಆ ಹಳೆಯ ಬಾಗಿಲು ಕೂರಿಸಿದ ದಿನ ವರ್ಜಿಲ್ ಅಂದಿದ್ದ, ನೆಲ ಕಲ್ಲಾಗಿದೆ ಅತ್ತಿಗೆ, ಈ ಡಿಸೆಂಬರಲ್ಲಿ ಗುಂಡಿ ಹೊಡೆಯೋಕಾಗುತ್ತಾ, ಹಿಮ ಕರಗಲಿ ಏಪ್ರಿಲ್‌ನಲ್ಲಿ ಹಾಕಿಕೊಡ್ತೀನಿ, ಮೂರು ಜನ ಹೊರೋ ಬಾಗಿಲು, ಅದೆಲ್ಲಿ ಅಲ್ಲಾಡುತ್ತೆ — ವಯೋಮಿಂಗ್‌ನ ಈ ಕಣಿವೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಚಳಿಗಾಲದಲ್ಲಿ ಬಾಗಿಲು, ವಸಂತದಲ್ಲಿ ಬುಡ, ನಾನೂ ತಲೆಯಾಡಿಸಿದೆ, ಆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ, ಆದರೆ ಕಾಲು ಮುರಿದ ಜೂನಿಪರಳಿಗೆ ಕುದುರೆ ಡಾಕ್ಟರ್ ಸಾವಿನ ಸೂಜಿ ಚುಚ್ಚುವಾಗ ಅವಳ ತಲೆ ನನ್ನ ಮಡಿಲಲ್ಲಿತ್ತು, ಮುಂದಿನ ಭಾನುವಾರವೇ ಚರ್ಚಿನ ಪ್ಯಾನ್‌ಕೇಕ್ ತಿಂಡಿಯಲ್ಲಿ ಈ ವರ್ಜಿಲ್ ಬಾಯಿ ತುಂಬ ಸಿರಪ್ ಸುರಿದುಕೊಂಡು ಹೇಳುತ್ತಾನೆ, ಬಾಗಿಲಿಗೇನಾಗಿತ್ತು, ಚೆನ್ನಾಗೇ ಇತ್ತು, ಪಾಪ ಅತ್ತಿಗೆಗೂ ವಯಸ್ಸಾಯ್ತಲ್ಲ, ಕೊಂಡಿ ಹಾಕೋದು ಮರೆತಿದ್ದಾರೆ. ಅವನ ನಾಲಿಗೆ ಸೇದಿಹೋಗ. ಮೂವತ್ತು ವರ್ಷ ಈ ಕಣಿವೆಯ ಗಬ್ಬದ ಕುದುರೆಗಳೆಲ್ಲ ಹೆರಿಗೆಗೆ ನನ್ನ ಲಾಯಕ್ಕೇ ಬರುತ್ತಿದ್ದವು, ಈ ಸಲ ಒಂದೂ ಬರಲಿಲ್ಲ, ಪಕ್ಕದ ಲೋರ್ನಾ ಕೂಡ, ನೇಡೀನ್ ಬೇಜಾರು ಮಾಡ್ಕೋಬೇಡ ಕಣೆ, ನೀನೂ ಸ್ವಲ್ಪ ಸುಧಾರಿಸ್ಕೋ ಅಂತ, ತನ್ನ ಕುದುರೆಯನ್ನು ಬೇರೆ ಕಡೆ ಬಿಟ್ಟುಬಂದಳು, ನನ್ನ ಕಣ್ಣು ತಪ್ಪಿಸಿ ಹೇಳಿದಳು.

ಈಗ ಹಿಮದ ಭಾರಕ್ಕೆ ವರ್ಜಿಲ್‌ನ ಲಾಯದ ಸೂರೇ ಕುಸಿದಿದೆ, ಅತ್ತಿಗೆ ಒಂದು ವಾರ ನನ್ನ ಕುದುರೆ ನಿಮ್ಮಲ್ಲಿರಲಿ, ಅಂದ ಫೋನಿನಲ್ಲಿ, ನಾಚಿಕೆಯಿಲ್ಲದವನು, ಹಿಮದಲ್ಲಿ ನಿಂತ ಪ್ರಾಣಿಗೆ ಇಲ್ಲ ಎಂದವರು ಈ ಕಣಿವೆಯಲ್ಲಿ ಯಾರೂ ಇಲ್ಲ, ಕರ್ಕೊಂಡು ಬಾ ಅಂದುಬಿಟ್ಟೆ, ಅಂದ ಕ್ಷಣದಿಂದ ಇದೇ ಯೋಚನೆ — ಕಬ್ಬಿಣ ಜೇಬಿನಲ್ಲೇ ಇರಲಿ, ಅವನೂ ಮಂಡಿಯೂರಿ ಕೂರಲಿ, ಅವನ ಮಡಿಲಲ್ಲೂ ಒಂದು ತಲೆ ಇರಲಿ, ಆಗ ನಾನು ಹೇಳುತ್ತೇನೆ ಚರ್ಚಿನಲ್ಲಿ, ಪಾಪ ಮೈದುನನಿಗೂ ವಯಸ್ಸಾಯ್ತು. ಕಬ್ಬಿಣಕ್ಕೆ ಗುಂಡಿ ತೋಡಿಯೇ ಇಟ್ಟಿದ್ದೇನೆ, ಎರಡು ದಿನ ಕೆಂಡ ಹರಡಿ ನೆಲ ಮೆತ್ತಗಾಗಿಸಿದೆ, ಇಲ್ಲಿ ಚಳಿಗಾಲದ ಸಾವಿಗೆ ಗೋರಿ ತೋಡುವುದು ಹಾಗೇ, ಅವನ ಅಣ್ಣನ, ನನ್ನ ಗಂಡನ ಗೋರಿಯನ್ನೂ ಹಾಗೇ ತೋಡಿದ್ದು, ಸನಿಕೆ ಹಿಡಿದಿದ್ದವನು ಇವನೇ, ಗೊತ್ತಿಲ್ಲದ ಕೆಲಸವೇನಲ್ಲ, ಸೋಮಾರಿ. ಆದರೆ ಅವನ ಆ ಕಂದು ಕುದುರೆ ಏನು ಮಾಡಿತು, ನನ್ನ ಕೈಯಲ್ಲೇ ಹುಟ್ಟಿದ್ದು ಅದು, ಮೂಗಿನ ಲೋಳೆ ಒರೆಸಿದವಳು ನಾನೇ, ಛೆ, ಬೋಲ್ಟ್ ಎಲ್ಲಿ, ಸ್ಪಾನರ್ ಎಲ್ಲಿ, ಹಾಕಿಬಿಡಬೇಕು, ಯಾಕೆ ಹಾಕಬೇಕು —

ಟ್ರಕ್ಕಿನ ಸದ್ದು, ಬಂದೇಬಿಟ್ಟರು, ಲೋರ್ನಾ ಓಡಿಸುತ್ತಿದ್ದಾಳೆ, ಹಿಂದೆ ಕಟ್ಟಿದ ಗಾಡಿಯಿಂದ ವರ್ಜಿಲ್ ಕುದುರೆ ಇಳಿಸುತ್ತಾನೆ, ಚಳಿ ಚಳಿ ಅತ್ತಿಗೆ, ಕಾಫಿ ಇದೆಯಾ, ಅನ್ನುತ್ತಾನೆ, ಹಲ್ಲು ಕಿರಿಯುತ್ತಾನೆ, ನನ್ನ ಕೈ ಜೇಬಿನಲ್ಲಿ, ಹೇಳಬೇಕು, ನಿಲ್ಲು ಎನ್ನಬೇಕು, ಕುದುರೆ ಬಾಗಿಲ ಮುಂದೆ ಬಂದಿದೆ, ವರ್ಜಿಲ್ ತಾನೇ ನಿಂತ, ಹಗ್ಗ ಬಿಡಲಿಲ್ಲ, ಬಾಗಿಲಿನ ಮೇಲ್ಗಡೆ ನೋಡಲೂ ಇಲ್ಲ, ಕೊಂಡಿ ಮುಟ್ಟಲಿಲ್ಲ, ಬೂಟಿನ ತುದಿಯನ್ನು ಬುಡಕ್ಕೆ ಆನಿಸಿ ಮೆಲ್ಲಗೆ ತಳ್ಳಿದ, ಬಾಗಿಲು ತೂಗಿತು, ಕುದುರೆಯನ್ನು ಸರಕ್ಕನೆ ಹಿಂದೆಳೆದುಕೊಂಡ, ಬುಡಕ್ಕೆ ಏನೂ ಹಾಕಿಲ್ವಲ್ಲ, ಕಾಲು ಮುರ್ಕೊಳ್ಳುತ್ತೆ ಇದು, ಇದರೊಳಗೆ ಬಿಡಲ್ಲ ನಾನು — ಅಂದವನು ಅಲ್ಲಿಗೇ ಬಾಯಿ ಮುಚ್ಚಿದ, ಲೋರ್ನಾ ಅವನನ್ನೇ ನೋಡುತ್ತಿದ್ದಾಳೆ, ಕೊಂಡಿಯಲ್ಲ ಬುಡ ಅಂತ ಗೊತ್ತಿತ್ತು ಇವನಿಗೆ, ಅವತ್ತೂ ಗೊತ್ತಿತ್ತು, ಯೋಚಿಸಲೂ ಇಲ್ಲ, ಕಾಲು ತಾನಾಗಿಯೇ ಹೋಯಿತು, ಬೂಟಿನ ತುದಿ, ಹಿಮ ಮೆತ್ತಿದ ಬೂಟಿನ ತುದಿ, ಬಾಗಿಲಿನ ಬುಡದಲ್ಲಿ ಬೂಟಿನ ತುದಿ.